ಮೇಣದಡಿಯ ಕೆಂಪು

(ಮಂಗಳೂರಿನ ಒಂದು ಹಳೆಯ ಮುರಕಲ್ಲಿನ ಮನೆಯ ಚಾವಡಿ. ಮನೆಯೊಡತಿ ತಮ್ಮ ಆಯುಷ್ಯದ ಬಹುಭಾಗವನ್ನು ಇಂಗ್ಲೆಂಡ್, ಇಟಲಿಗಳ ಪುರಾತನ ಇಗರ್ಜಿಗಳ ಭಿತ್ತಿಚಿತ್ರಗಳನ್ನು ಸಂರಕ್ಷಿಸುವ ಕೆಲಸದಲ್ಲಿ ಕಳೆದು ಊರಿಗೆ ಮರಳಿದವರು. ಚಿತ್ರಕಲೆಯ ಪದವಿ ಮುಗಿಸಿದ ತರುಣಿಯೊಬ್ಬಳು ಅದೇ ವಿದ್ಯೆಯನ್ನು ಕಲಿಯಬೇಕೆಂಬ ಹಂಬಲದಿಂದ ಅವರನ್ನು ಕಾಣಲು ಬಂದಿದ್ದಾಳೆ.)

ಕಿರಿಯಳು: ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ನಾನು ಮೊದಲು ಕಂಡದ್ದು ಆರೇಳು ವರ್ಷದವಳಾಗಿದ್ದಾಗ, ಅಜ್ಜಿಯ ಕೈಹಿಡಿದುಕೊಂಡು. ಆ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ತುಂಬಿಕೊಂಡಿರುವ ಚಿತ್ರಗಳನ್ನು ಬೆರ್ಗಾಮೊ ಸೀಮೆಯ ಆಂಟೋನಿಯೋ ಮೊಸ್ಕೇನಿ ಎಂಬ ಯೇಸುಸಭೆಯ ಸೋದರನು 19ನೆಯ ಶತಮಾನ ಮುಗಿಯುವ ಹೊತ್ತಿಗೆ ಈ ಊರಿಗೆ ಬಂದು ಬರೆದನೆಂದೂ, ಕೆಲವನ್ನು ಹಸಿಗಾರೆಯ ಮೇಲೆಯೂ ಕೆಲವನ್ನು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿಯೂ ಬರೆದನೆಂದೂ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನೆಂದೂ ನನಗೆ ಬಹಳ ತಡವಾಗಿ ತಿಳಿಯಿತು. ಅಂದು ಮಾತ್ರ, ಇಂಥದ್ದೊಂದನ್ನು ನಾನೂ ಬರೆಯಬೇಕೆನಿಸಿತ್ತು. ಈಗ ಬರೆಯುವುದಕ್ಕಿಂತ, ಬರೆದಿಟ್ಟುದನ್ನು ಉಳಿಸುವುದೇ ನನ್ನ ಪಾಲಿನ ಕೆಲಸವೆಂದು ತೋರುತ್ತಿದೆ. ಕೈ ಸಾಕಷ್ಟು ಪಳಗಿದೆ. ಯಾರ ಕುಂಚದ ಗತಿಯನ್ನಾದರೂ, ಬೇರೆಯವರು ವ್ಯತ್ಯಾಸ ಹಿಡಿಯಲಾರದಷ್ಟು ನಿಜವಾಗಿ ಅನುಕರಿಸಬಲ್ಲೆನು. ಈ ವಿದ್ಯೆಗೆ ಅಷ್ಟು ಅರ್ಹತೆ ಸಾಲದೆ?

ಹಿರಿಯರು: ನೀನು ಕಡೆಯಲ್ಲಿ ಹೇಳಿದೆಯಲ್ಲ, ಆ ಸಾಮರ್ಥ್ಯವೇ ನಿನಗೆ ಮೊದಲ ಎರಡು ವರ್ಷ ತೊಡಕಾಗುವುದು. ಪಳಗಿದ ಕೈಗೆ ಸುಮ್ಮನಿರುವುದು ಕಷ್ಟ. ಬಣ್ಣ ಉದುರಿದ ಜಾಗವನ್ನು ಕಂಡೊಡನೆ ತುಂಬೋಣವೆಂದು ಅದು ಮುಂದಾಗುತ್ತದೆ. ಲಂಡನ್ನಿನ ಕೋರ್ಟಾಲ್ಡ್ ಸಂಸ್ಥೆಯಲ್ಲಿ 1985ರಲ್ಲಿ ಭಿತ್ತಿಚಿತ್ರ ಸಂರಕ್ಷಣೆಗೆಂದೇ ಮೂರು ವರ್ಷಗಳ ಸ್ನಾತಕೋತ್ತರ ವ್ಯಾಸಂಗ ಆರಂಭವಾಯಿತು. ರೋಮಿನ ಕೇಂದ್ರೀಯ ಸಂರಕ್ಷಣಾ ಸಂಸ್ಥೆ ಅದಕ್ಕಿಂತ ಬಹು ಹಿಂದೆ, 1939ರಲ್ಲಿಯೇ, ಚೆಸಾರೆ ಬ್ರಾಂದಿಯವರ ನೇತೃತ್ವದಲ್ಲಿ ಸ್ಥಾಪಿತವಾದುದು. ಎರಡು ಕಡೆಯೂ ಚಿತ್ರಕಲೆಯೊಂದಿಗೆ ರಸಾಯನಶಾಸ್ತ್ರವನ್ನೂ ಕಟ್ಟಡದ ಶರೀರರಚನೆಯನ್ನೂ ಕಲಿಸುತ್ತಾರೆ. ಸಾರುವೆ ಹತ್ತಿ ಚಿತ್ರದೆದುರು ನಿಂತ ವಿದ್ಯಾರ್ಥಿಗೆ ವಾರಗಟ್ಟಲೆ ಕುಂಚ ಸಿಗುವುದಿಲ್ಲ. ಸಿಗುವುದು ಒಂದು ದೀಪ, ಒಂದು ಮಸೂರ, ಒಂದು ನಕ್ಷೆ, ನಾಲ್ಕು ಬಣ್ಣದ ಪೆನ್ಸಿಲು.

ಕಿರಿಯಳು: ಅಷ್ಟು ದಿನ ಏನನ್ನು ನೋಡುವುದು?

ಹಿರಿಯರು: ದೀಪವನ್ನು ಗೋಡೆಗೆ ಓರೆಯಾಗಿ, ಬೆಳಕು ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿ. ನೇರ ಬೆಳಕಿನಲ್ಲಿ ಸಮತಟ್ಟಾಗಿ ಕಾಣುತ್ತಿದ್ದ ಚಿತ್ರ ಕ್ಷಣಮಾತ್ರದಲ್ಲಿ ಬೆಟ್ಟ ಕಣಿವೆಗಳ ನಾಡಾಗುತ್ತದೆ. ಎಲ್ಲಿ ಬಣ್ಣ ಹಕ್ಕಳೆಯೆದ್ದು ಅಂಚು ಸುರುಳಿಗೊಂಡಿದೆ, ಎಲ್ಲಿ ಗಾರೆ ಕಲ್ಲನ್ನು ಬಿಟ್ಟು ಉಬ್ಬಿದೆ, ಚಿತ್ರಕಾರನು ಒಂದು ದಿನದ ಹಸಿಗಾರೆಯನ್ನು ಎಲ್ಲಿಗೆ ನಿಲ್ಲಿಸಿ ಮರುದಿನದ್ದನ್ನು ಎಲ್ಲಿಂದ ಹಚ್ಚಿದನು, ಎಲ್ಲವೂ ನೆರಳಿನ ಗೆರೆಗಳಾಗಿ ಮೇಲೆದ್ದು ಬರುತ್ತವೆ. ಆಮೇಲೆ ಬೆರಳ ಗಿಣ್ಣಿನಿಂದ ಬಲು ಮೆಲ್ಲನೆ ತಟ್ಟಬೇಕು. ಗಟ್ಟಿ ಗಾರೆಯ ದನಿ ಬೇರೆ, ಹಿಂದೆ ಪೊಳ್ಳಾದ ಗಾರೆಯ ದನಿ ಬೇರೆ. ಸಂತೆಯಲ್ಲಿ ತೆಂಗಿನಕಾಯಿ ಆರಿಸಿದ ಕಿವಿ ನಿನ್ನದಾದರೆ ಅರ್ಧ ಪಾಠ ಆಗಲೇ ಬಂದಿದೆಯೆನ್ನು. ಕೇಳಿದುದನ್ನು, ಕಂಡುದನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋಗುವುದು. ಹೀಗೆ ಒಂದು ಗೋಡೆ ಮುಗಿಯುವಷ್ಟರಲ್ಲಿ, ವಿದ್ಯಾರ್ಥಿಯು ಚಿತ್ರವನ್ನು ಕಂಡದ್ದಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಗೋಡೆಯನ್ನು ಕಂಡಿರುತ್ತಾನೆ. ರೋಗವಿರುವುದು ಅಲ್ಲಿ.

ಕಿರಿಯಳು: ಕಲ್ಲಿಗೆ ಎಂಥ ರೋಗ?

ಹಿರಿಯರು: ನೀರು ಮತ್ತು ಉಪ್ಪು. ಇಂಗ್ಲೆಂಡಿನ ಒಂದು ಹಳ್ಳಿಯ ಇಗರ್ಜಿಯನ್ನು ಕಣ್ಣಮುಂದೆ ತಂದುಕೋ. ಸುತ್ತಲೂ ಎಂಟುನೂರು ವರ್ಷಗಳ ಸ್ಮಶಾನ. ಗೋಡೆಗೆ ಅಡಿಪಾಯದಲ್ಲಿ ತಡೆಯಿಲ್ಲ. ಮಣ್ಣಿನ ತೇವವು ಲವಣಗಳನ್ನು ಹೊತ್ತು ಕಲ್ಲಿನ ಸೂಕ್ಷ್ಮರಂಧ್ರಗಳ ಮೂಲಕ ಮೇಲೇರುತ್ತದೆ. ಅದು ಏರುವುದರಿಂದಲೇ ಚಿತ್ರ ಹಾಳಾಗುವುದಿಲ್ಲ, ಆರುವುದರಿಂದ ಹಾಳಾಗುತ್ತದೆ. ನಾವು ಊಟಕ್ಕೆ ಹಾಕಿಕೊಳ್ಳುವ ಉಪ್ಪನ್ನೇ ತೆಗೆದುಕೋ: ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ಕ್ಕಿಂತ ಮೇಲಿದ್ದರೆ ಅದು ಕರಗಿ ದ್ರವವಾಗುತ್ತದೆ, ಕೆಳಗಿಳಿದರೆ ಮತ್ತೆ ಹರಳಾಗುತ್ತದೆ, ಹರಳಾಗುವಾಗ ರಂಧ್ರದ ಗೋಡೆಗಳನ್ನು ಒತ್ತುತ್ತದೆ. ಚಳಿಗಾಲದ ಆರು ದಿನ ಇಗರ್ಜಿ ತಣ್ಣಗೆ, ತೇವವಾಗಿ, ಒಂದು ಬಗೆಯ ಶಾಂತಿಯಲ್ಲಿರುತ್ತದೆ. ಆದಿತ್ಯವಾರ ಬೆಳಿಗ್ಗೆ ಭಕ್ತರು ನಡುಗಬಾರದೆಂದು ಶಾಖಯಂತ್ರವನ್ನು ಹಚ್ಚುತ್ತಾರೆ. ಎರಡು ಗಂಟೆಗಳಲ್ಲಿ ಗಾಳಿ ಬಿಸಿಯಾಗಿ ಒಣಗುತ್ತದೆ, ಚಿತ್ರದ ಹಿಂದೆ ಕರಗಿ ಕುಳಿತಿದ್ದ ಉಪ್ಪು ಹರಳುಗಟ್ಟಿ ಬಣ್ಣದ ಪದರನ್ನು ಮುಂದಕ್ಕೆ ತಳ್ಳುತ್ತದೆ. ಮಧ್ಯಾಹ್ನ ಎಲ್ಲರೂ ಮನೆಗೆ ಹೋದ ಮೇಲೆ ಮತ್ತೆ ಕರಗುತ್ತದೆ. ವರ್ಷಕ್ಕೆ ಎಷ್ಟು ಆದಿತ್ಯವಾರಗಳೋ ಅಷ್ಟು ಸಲ. ಇಂಥ ಗೋಡೆಯ ಮುಂದೆ, ಎಲ್ಲಕ್ಕಿಂತ ಮೊದಲು ಗಾಳಿಯ ಉಷ್ಣತೆ ಆರ್ದ್ರತೆಗಳನ್ನು ಒಂದು ಸಂವತ್ಸರ ಅಳೆದು, ಶಾಖಯಂತ್ರದ ಬಗೆಗೆ ಪಾದ್ರಿಗಳೊಡನೆಯೂ ಮಳೆನೀರಿನ ದೋಣಿಯಲ್ಲಿ ತುಂಬಿದ ತರಗೆಲೆಗಳ ಬಗೆಗೆ ಇಗರ್ಜಿಯ ಮೇಲ್ವಿಚಾರಕರೊಡನೆಯೂ ಮಾತನಾಡಬೇಕು. ಕುಂಚ ಮಾಡಲಾರದುದನ್ನು ಆ ದೋಣಿಯ ಶುಚಿ ಮಾಡುತ್ತದೆ.

ಕಿರಿಯಳು: ಇಷ್ಟೆಲ್ಲ ಶತ್ರುಗಳಿದ್ದೂ ಆ ಚಿತ್ರಗಳು ಉಳಿದುಬಂದುದಾದರೂ ಹೇಗೆ? ಪ್ರತಿಮೆಗಳನ್ನೂ ಚಿತ್ರಗಳನ್ನೂ ಇಂಗ್ಲೆಂಡಿನಲ್ಲಿ ಅರಸರೇ ಅಳಿಸಿದರೆಂದು ಓದಿದ್ದೇನೆ.

ಹಿರಿಯರು: ಅಳಿಸಿದುದೇ ಅವನ್ನು ಉಳಿಸಿತು. 1547ರಲ್ಲಿ ಬಾಲಕನಾದ ಆರನೆಯ ಎಡ್ವರ್ಡನ ಹೆಸರಿನಲ್ಲಿ ಹೊರಟ ಆಜ್ಞೆಗಳನ್ನನುಸರಿಸಿ ಊರೂರಿನ ಇಗರ್ಜಿಗಳ ಗೋಡೆಗಳಿಗೆ ಸುಣ್ಣ ಬಳಿದರು. ಬಳಿದವರಿಗೆ ಅದು ವಿನಾಶ. ಚಿತ್ರಕ್ಕೆ ಅದು ಉಸಿರಾಡಬಲ್ಲ ಹೊದಿಕೆ. ಸಸೆಕ್ಸಿನ ಹಾರ್ಡಮ್ ಎಂಬ ಪುಟ್ಟ ಊರಿನಲ್ಲಿ, 12ನೆಯ ಶತಮಾನದ ಆದಿಯಲ್ಲಿ ಬರೆದ ಆದಿಪುರುಷ ಆದಾಮ ಮತ್ತು ಏವೆಯರು ಶತಮಾನಗಳ ಕಾಲ ಸುಣ್ಣದಡಿಯಲ್ಲಿದ್ದು 1866ರಲ್ಲಿ ಹೊರಬಂದರು. ಒಳಗೆ ಕಾಲಿಟ್ಟರೆ ನಾಲ್ಕು ಕಡೆಯಿಂದಲೂ ಕೆಮ್ಮಣ್ಣು, ಹಳದಿಮಣ್ಣು. ಬಡ ಹಳ್ಳಿಗೆ ಬೆಲೆಬಾಳುವ ನೀಲಿಯೆಲ್ಲಿಂದ ಬರಬೇಕು? ಅಂಥ ಕಡೆ ಇದ್ದಿಲ ಕಪ್ಪನ್ನು ಸುಣ್ಣದ ಬಿಳುಪಿನೊಡನೆ ಬೆರೆಸಿ ಬೂದು ಮಾಡಿ, ಕೆಂಪಿನ ಮಗ್ಗುಲಲ್ಲಿ ಹಚ್ಚಿಬಿಡುತ್ತಿದ್ದರು. ನೋಡುವವರ ಕಣ್ಣು ಅದನ್ನು ನೀಲಿಯೆಂದೇ ಒಪ್ಪಿಕೊಳ್ಳುತ್ತದೆ. ನಾನು ಮೊದಲ ಸಲ ಮಸೂರದಲ್ಲಿ ಅಂಥ ಒಂದು ನೀಲಿಯೊಳಗೆ ಇದ್ದಿಲ ಕಣಗಳನ್ನು ಕಂಡ ದಿನ, ಹೆಸರು ಗೊತ್ತಿಲ್ಲದ ಆ ಚಿತ್ರಗಾರನು ನನ್ನ ಪಕ್ಕದಲ್ಲೇ ಸಾರುವೆಯ ಮೇಲೆ ಕುಳಿತಿದ್ದಾನೆನಿಸಿ ಬಹಳ ಹೊತ್ತು ಕೈ ಆಡಲಿಲ್ಲ.

ಕಿರಿಯಳು: ಹಾಗಾದರೆ ಸುಣ್ಣವನ್ನು ಕೆರೆದು ತೆಗೆದವರಿಂದ ಉಪಕಾರವಾಯಿತು.

ಹಿರಿಯರು: ತೆಗೆದುದು ಉಪಕಾರ. ತೆಗೆದ ಮೇಲೆ ಸುಮ್ಮನಿರಲಾರದೆ ಹೋದುದು ಅಪಕಾರ. ಸುಣ್ಣದಿಂದ ಹೊರಬಂದ ಬಣ್ಣ ಮಂಕಾಗಿ, ಪುಡಿಪುಡಿಯಾಗಿ ಕಾಣುತ್ತದೆ. ಒದ್ದೆಮಾಡಿದರೆ ಗಾಢವಾಗಿ ಹೊಳೆಯುತ್ತದೆ. ಆ ಹೊಳಪನ್ನು ಶಾಶ್ವತ ಮಾಡಬೇಕೆಂಬ ಆಸೆ ಯಾರಿಗೆ ಹುಟ್ಟದು? ಗ್ಲಾಸ್ಟರ್‌ಷೈರಿನ ಕೆಂಪ್ಲಿಯಲ್ಲಿ 1872ರಲ್ಲಿ ಹೊರಬಂದ ಚಿತ್ರಗಳಿಗೆ ಅರಗಿನ ವಾರ್ನಿಷು ಬಳಿದರು. ಕಾವೆಂಟ್ರಿಯ ಹೋಲಿ ಟ್ರಿನಿಟಿ ಇಗರ್ಜಿಯಲ್ಲಿ 1831ರಲ್ಲಿ ಕಂಡ, 15ನೆಯ ಶತಮಾನದ ಅಂತಿಮತೀರ್ಪಿನ ಮಹಾಚಿತ್ರಕ್ಕೂ ವಾರ್ನಿಷು ಬಿತ್ತು. ಅದು ಕಾಲಕ್ರಮದಲ್ಲಿ ಕರ್ರಗಾಗಿ, ಮೇಲೆ ಚಿತ್ರವಿದೆಯೆಂಬುದನ್ನೇ ಜನ ಮರೆತರು. ವರ್ಷಗಳ ಶ್ರಮದ ನಂತರ ಅದು ಮತ್ತೆ ಲೋಕಕ್ಕೆ ಕಂಡದ್ದು 2004ರಲ್ಲಿ. ಆದರೆ ನಮ್ಮ ವಿದ್ಯೆಯವರು ಇಂದಿಗೂ ಉಸಿರೆಳೆದು ಹೇಳುವ ಮಾತು ಮೇಣದ್ದು. ಪ್ರೊಫೆಸರ್ ಟ್ರಿಸ್ಟ್ರಮ್ ಎಂಬವರು 20ನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಮಧ್ಯಯುಗದ ಭಿತ್ತಿಚಿತ್ರಗಳಿಗೆ ಜೀವವನ್ನೇ ಒಪ್ಪಿಸಿದವರು. ಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ಅವರು ಅನೇಕ ಚಿತ್ರಗಳಿಗೆ ಲೇಪಿಸಿದರು. ಲೇಪಿಸಿದ ದಿನ ಬಣ್ಣಗಳು ಎಚ್ಚೆತ್ತವು. ಕೆಲವು ದಶಕಗಳಲ್ಲಿ ಮೇಣ ಧೂಳನ್ನೂ ಹೊಗೆಯನ್ನೂ ಹಿಡಿದು ಕಂದಾಯಿತು. ಅದಕ್ಕಿಂತ ಮಿಗಿಲಾಗಿ, ಗೋಡೆಯ ತೇವ ಹೊರಬರುವ ದಾರಿ ಮುಚ್ಚಿಹೋಯಿತು, ಉಪ್ಪು ಮೇಣದ ಹಿಂದೆಯೇ ಹರಳುಗಟ್ಟಿ ಚಿತ್ರವನ್ನು ಪದರ ಪದರವಾಗಿ ಬಿಡಿಸತೊಡಗಿತು.

ಕಿರಿಯಳು: ಪ್ರೀತಿಯಿಂದ ಕೊಂದಂತಾಯಿತಲ್ಲ!

ಹಿರಿಯರು: ಅಷ್ಟು ಬೇಗ ತೀರ್ಪು ಕೊಡಬೇಡ. ಅದೇ ಟ್ರಿಸ್ಟ್ರಮ್ಮರು ಊರೂರು ತಿರುಗಿ ಬರೆದಿಟ್ಟ ಜಲವರ್ಣದ ಪ್ರತಿಗಳು ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಗೋಡೆಯ ಮೇಲೆ ಈಗ ಅಳಿದುಹೋದ ಎಷ್ಟೋ ವಿವರಗಳಿಗೆ ಅವೇ ಸಾಕ್ಷಿ. ಅವರ ಮೇಣವನ್ನು ತೆಗೆಯುವವರು ಅವರ ಪ್ರತಿಯನ್ನೇ ಎದುರಿಗಿಟ್ಟುಕೊಂಡು ಕೆಲಸಮಾಡಬೇಕಾಗುತ್ತದೆ. ಆ ಸ್ಥಿತಿಯಲ್ಲಿ ಪೂರ್ವಿಕರನ್ನು ಹಳಿಯಲು ನಾಲಗೆ ಬರುವುದಿಲ್ಲ. ಮೇಲಾಗಿ ನನ್ನ ಕೈಯಿಂದಲೂ ಒಂದು ಅಪರಾಧ ನಡೆದಿದೆ.

ಕಿರಿಯಳು: ಹೇಳಬಹುದಾದರೆ ಹೇಳಿ.

ಹಿರಿಯರು: ಹೇಳಲೆಂದೇ ಮಾತು ತೆಗೆದೆ. ಎರಡನೆಯ ವರ್ಷದ ಬೇಸಗೆ; ಒಂದು ಗ್ರಾಮದ ಇಗರ್ಜಿ; ಮೇಣ ಬಳಿದ ಒಂದು ಸಂತನ ನಿಲುವಂಗಿಯ ಅಂಚು ನನ್ನ ಪಾಲಿಗೆ ಬಂದಿತ್ತು. ಕ್ರಮ ಹೀಗೆ: ಬಿದಿರಿನ ಕಡ್ಡಿಯ ತುದಿಗೆ ಹತ್ತಿಯನ್ನು ಸುತ್ತಿ, ದ್ರಾವಕದಲ್ಲಿ ನೆನೆಸಿ, ಹಿಂಡಿ, ಗೋಡೆಯ ಮೇಲೆ ಉರುಳಿಸಬೇಕು. ಉಜ್ಜಕೂಡದು, ಉರುಳಿಸಬೇಕು, ಒಮ್ಮೆ ಮಾತ್ರ. ಹತ್ತಿಯನ್ನು ನೋಡಬೇಕು. ಕಂದು ಬಂದಿದ್ದರೆ ಅದು ಮೇಣ ಮತ್ತು ಕೊಳೆ; ಆ ಹತ್ತಿಯನ್ನೆಸೆದು ಹೊಸದನ್ನು ಸುತ್ತಿಕೊಳ್ಳಬೇಕು. ದಿನಕ್ಕೆ ಅಂಗೈಯಗಲ ಜಾಗ. ಹತ್ತು ದಿನ ಹಾಗೆ ನಡೆಯಿತು. ಮೇಣದಡಿಯಿಂದ ಕೆಂಪು ಬೆಳಗುತ್ತ ಬಂತು, ಊರಲ್ಲಿ ಮೊದಲ ಮಳೆಯಾದ ಮರುದಿನದ ಮಣ್ಣಿನ ಕೆಂಪು. ಹನ್ನೊಂದನೆಯ ದಿನ ಕೈಗೆ ಲಯ ಸಿಕ್ಕಿತ್ತು, ಮನಸ್ಸು ಎಲ್ಲಿಯೋ ಇತ್ತು. ಹತ್ತಿಯನ್ನು ನೋಡುವುದಕ್ಕೆ ಮೊದಲೇ ಎರಡನೆಯ ಸಲ ಉರುಳಿಸಿದೆ. ಆಮೇಲೆ ನೋಡಿದರೆ ಹತ್ತಿ ಕೆಂಪಾಗಿತ್ತು. ಗೋಡೆಯ ಮೇಲೆ ಕಿರುಬೆರಳ ಉಗುರಿನಷ್ಟು ಜಾಗದಲ್ಲಿ ಬರಿಯ ಸುಣ್ಣ.

ಕಿರಿಯಳು: ಬಣ್ಣವೇ ಬಂದುಬಿಟ್ಟಿತೆ?

ಹಿರಿಯರು: ಆ ಜಾಗದಲ್ಲಿ ಬಣ್ಣವನ್ನು ಗೋಡೆಗೆ ಹಿಡಿದಿದ್ದ ಮೂಲದ ಅಂಟು ಯಾವಾಗಲೋ ಸತ್ತುಹೋಗಿತ್ತು; ಕೆಂಪಿನ ಪುಡಿಯನ್ನು ಹಿಡಿದಿಟ್ಟುಕೊಂಡಿದ್ದುದು ನಾವು ಶತ್ರುವೆಂದು ಎಣಿಸಿದ್ದ ಆ ಮೇಣವೇ. ನಾನು ಮೇಣವನ್ನು ಕರಗಿಸಿದೆ. ಎಂಟು ಶತಮಾನ ಬದುಕಿದ ಕೆಂಪು ಅದರೊಡನೆ ನನ್ನ ಹತ್ತಿಗೆ ಬಂತು. ಗುರುಗಳನ್ನು ಕರೆದೆ. ಅವರು ಗದರಲಿಲ್ಲ. ಜಾಗವನ್ನು ಅಳೆಸಿದರು, ಛಾಯಾಚಿತ್ರ ತೆಗೆಸಿದರು, ನಕ್ಷೆಯಲ್ಲಿ ಗುರುತು ಹಾಕಿಸಿದರು. ದಾಖಲೆಯ ಪುಟದಲ್ಲಿ ಯಾವ ದ್ರಾವಕ, ಯಾವ ತಾರೀಖು, ಯಾರ ಕೈ ಎಂಬುದನ್ನು ನನ್ನಿಂದಲೇ ಬರೆಯಿಸಿದರು. ಆ ಪುಟ ಆ ಚಿತ್ರದ ಆಯುಷ್ಯ ಇರುವವರೆಗೂ ಇರುತ್ತದೆ. ಆ ಹತ್ತಿಯ ಉಂಡೆಯನ್ನು ಒಂದು ಗಾಜಿನ ಕೊಳವೆಯಲ್ಲಿಟ್ಟು, ಮೇಲೆ ಚೀಟಿ ಅಂಟಿಸಿ ಜೋಪಾನಮಾಡಿದೆವು, ಏಕೆಂದರೆ ಅದೂ ಚಿತ್ರವೇ.

ಕಿರಿಯಳು: ಆಮೇಲೆ ಆ ಜಾಗವನ್ನು ಕೆಂಪಿನಿಂದ ತುಂಬಿದಿರೇನು?

ಹಿರಿಯರು: ಇಲ್ಲ. ಉಳಿದ ಅಂಚಿನಲ್ಲಿ ಮೇಣವನ್ನು ಪೂರ್ತಿ ತೆಗೆಯುವ ಹಟವನ್ನು ಬಿಟ್ಟೆವು. ಎಲ್ಲಿ ಅದು ಬಣ್ಣಕ್ಕೆ ಆಸರೆಯಾಗಿತ್ತೋ ಅಲ್ಲಿ ತೆಳುವಾಗಿಸಿ ಬಿಟ್ಟೆವು. ಸಂತನ ಅಂಗಿಯ ಅಂಚು ಇಂದಿಗೂ ಅಲ್ಲಲ್ಲಿ ಬೆಳಕು, ಅಲ್ಲಲ್ಲಿ ಮಬ್ಬು. ನೋಡಲು ಅಂದವಾಗಿಲ್ಲ.

ಕಿರಿಯಳು: ಇಲ್ಲಿ ನನಗೊಂದು ಆಕ್ಷೇಪವಿದೆ, ಕ್ಷಮಿಸಬೇಕು. ಇಗರ್ಜಿ ವಸ್ತುಸಂಗ್ರಹಾಲಯವಲ್ಲ, ಅಲ್ಲಿ ಮೊಣಕಾಲೂರಿ ಪ್ರಾರ್ಥಿಸುವವರಿದ್ದಾರೆ. ನನ್ನ ಅಜ್ಜಿ ಚಿತ್ರದ ಮೇರಿಯಮ್ಮನ ಮುಖವನ್ನು ನೋಡಿ ಮಾತನಾಡುತ್ತಿದ್ದಳು. ಆ ಮುಖ ಉದುರಿಹೋದರೆ, ಅಲ್ಲಿ ಬರಿಯ ಸುಣ್ಣದ ಕಲೆಯನ್ನು ಬಿಟ್ಟು, ಇದೇ ಸತ್ಯವೆಂದು ಹೇಳಿ ಇಳಿದುಬರುವ ಅಧಿಕಾರವನ್ನು ಸಂರಕ್ಷಕನಿಗೆ ಯಾರು ಕೊಟ್ಟರು?

ಹಿರಿಯರು: ಒಳ್ಳೆಯ ಆಕ್ಷೇಪ, ಅದಕ್ಕೆ ಪೂರ್ತಿಯಾದ ಉತ್ತರ ನನ್ನಲ್ಲಿಲ್ಲ. ಇಟಲಿಯವರು ಯುದ್ಧದ ಭಸ್ಮದಲ್ಲಿ ನಿಂತು ಯೋಚಿಸಿದುದನ್ನು ಹೇಳುತ್ತೇನೆ. ವಿಟೆರ್ಬೊ ನಗರದ ಸಾಂತಾ ಮರಿಯಾ ದೆಲ್ಲಾ ವೆರಿತಾ ಇಗರ್ಜಿಯಲ್ಲಿ, ಲೊರೆಂಜೊ ಎಂಬ 15ನೆಯ ಶತಮಾನದ ಚಿತ್ರಕಾರನು ಬರೆದ ಮಾತ್ಸಾತೋಸ್ತಾ ಪ್ರಾರ್ಥನಾಮಂದಿರವು 1944ರ ಬಾಂಬಿಗೆ ನುಚ್ಚುನೂರಾಯಿತು. ರೋಮಿನ ಸಂಸ್ಥೆಯವರು ಚೂರುಗಳನ್ನು ಆರಿಸಿ ತಂದು, ಹಳೆಯ ಛಾಯಾಚಿತ್ರದ ಆಧಾರದಿಂದ ಮತ್ತೆ ಕೂಡಿಸಿದರು. ಚೂರುಗಳ ನಡುವಣ ಸಂದುಗಳನ್ನು ಹೇಗೆ ತುಂಬುವುದು? ಅಲ್ಲಿ ಬೆಳೆದುಬಂದ ಪದ್ಧತಿಗೆ ತ್ರಾತೆಜ್ಜೊ ಎಂದು ಹೆಸರು: ಬಿಟ್ಟುಹೋದ ಜಾಗವನ್ನು, ಜಲವರ್ಣದಿಂದ, ಕೂದಲೆಳೆಯಂಥ ನೇರ ಗೆರೆಗಳನ್ನು ಒತ್ತೊತ್ತಾಗಿ ಎಳೆದು ತುಂಬುವುದು. ಅಜ್ಜಿ ಮೊಣಕಾಲೂರುವ ಜಾಗದಿಂದ ಆ ಗೆರೆಗಳು ಒಂದರೊಳಗೊಂದು ಕರಗಿ ಮುಖದ ವರ್ಣವಾಗುತ್ತವೆ. ಹತ್ತಿರ ಬಂದ ಕಣ್ಣಿಗೆ, ಇದು ಲೊರೆಂಜೊ ಬರೆದುದಲ್ಲ, ನಮ್ಮ ಕಾಲದವರು ನೇಯ್ದುದು ಎಂದು ತಿಳಿಯುತ್ತದೆ. ನೀರಿನ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಮುಂದಿನವರು ನಮಗಿಂತ ಚೆನ್ನಾಗಿ ಬಲ್ಲವರಾದರೆ. ನಿನ್ನ ಪಳಗಿದ ಕೈಗೆ ಕೆಲಸವಿರುವುದು ಇಲ್ಲಿ. ಬೇರೊಬ್ಬನ ಕುಂಚವನ್ನು ಅನುಕರಿಸುವುದಕ್ಕಿಂತ, ಅನುಕರಿಸದೆ ಅವನ ಪಕ್ಕದಲ್ಲಿ ತಗ್ಗಿದ ದನಿಯಲ್ಲಿ ನಿಲ್ಲುವುದು ಕಷ್ಟತರ. ಒಂದು ಹಲಗೆಯ ಮೇಲೆ ಗೆರೆ ಎಳೆಯುವುದನ್ನೇ ತಿಂಗಳುಗಟ್ಟಲೆ ಅಭ್ಯಾಸಮಾಡಬೇಕಾಗುತ್ತದೆ.

ಕಿರಿಯಳು: ಆದರೆ ಅದು ಆಧಾರವಿರುವ ಕಡೆ. ಮುಖವೇ ಹೋಗಿದ್ದು, ಛಾಯಾಚಿತ್ರವೂ ಇಲ್ಲದಿದ್ದರೆ?

ಹಿರಿಯರು: ಆಗ ಬರೆಯುವುದಿಲ್ಲ. ಊಹೆ ಮೊದಲಾಗುವಲ್ಲಿ ಕೈ ನಿಲ್ಲತಕ್ಕದ್ದೆಂದು 1964ರ ವೆನಿಸ್ ಸನ್ನದಿನಲ್ಲಿ ನಿಶ್ಚಯಿಸಿದ್ದಾರೆ. ನಿನ್ನ ಅಜ್ಜಿಗೆ ಅದರಿಂದ ನೋವಾಗುತ್ತದೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಅವಳೊಡನೆ ಕುಳಿತು ಮಾತನಾಡುವುದೂ ಈ ವಿದ್ಯೆಯ ಭಾಗವೇ ಆಗಬೇಕು. ಹಲವು ಕಡೆ ಆಗುತ್ತಿಲ್ಲವೆಂಬುದು ನನ್ನ ಕೊರಗು. ಆದರೂ ಅಸ್ಸೀಸಿಯನ್ನು ನೋಡಿ ಬಂದ ಮೇಲೆ, ಬರಿದು ಜಾಗಕ್ಕೂ ಒಂದು ಗೌರವವಿದೆಯೆಂದು ನಂಬಿದ್ದೇನೆ. 1997ರ ಸೆಪ್ಟೆಂಬರ್ 26ರಂದು ಸಂತ ಫ್ರಾನ್ಸಿಸರ ಮೇಲಣ ಬಸಿಲಿಕಾದಲ್ಲಿ, ರಾತ್ರಿಯ ಭೂಕಂಪದ ಹಾನಿಯನ್ನು ಪರೀಕ್ಷಿಸುತ್ತಿದ್ದ ಹೊತ್ತಿನಲ್ಲಿಯೇ ಎರಡನೆಯ ಕಂಪನವಾಗಿ, ಮೇಲ್ಚಾವಣಿ ಕುಸಿದು ನಾಲ್ವರು ಸತ್ತರು. ಇಬ್ಬರು ಸಂನ್ಯಾಸಿಗಳು, ಇಬ್ಬರು ತಂತ್ರಜ್ಞರು. ಚಿಮಬೂಯೆ ಬರೆದ ಸಂತ ಮತ್ತಾಯನೂ ಅವರೊಡನೆ ನೆಲಕ್ಕೆ ಬಿದ್ದನು. ಲಕ್ಷಗಟ್ಟಲೆ ಚೂರುಗಳನ್ನು ಮೇಜುಗಳ ಮೇಲೆ ಹರವಿ, ಬಣ್ಣದಿಂದಲೂ ಅಂಚಿನ ಒಡಕಿನಿಂದಲೂ ಕುಂಚದ ಗೀರಿನಿಂದಲೂ ಗುರುತಿಸುತ್ತ ವರ್ಷಾನುವರ್ಷ ಕೂತರು. 2006ರಲ್ಲಿ ಸಂತ ಮತ್ತಾಯನು ಮೇಲೆ ಹೋದನು, ಅರೆಬರೆಯಾಗಿ, ನಡುನಡುವೆ ಖಾಲಿ. ಆ ಖಾಲಿಯನ್ನು ತುಂಬಿಬಿಟ್ಟಿದ್ದರೆ, ಕೆಳಗೆ ನಿಂತವನಿಗೆ ಆ ದಿನ ಅಲ್ಲಿ ಏನೂ ಆಗಲಿಲ್ಲವೆಂದು ಹೇಳಿದಂತಾಗುತ್ತಿತ್ತು.

ಕಿರಿಯಳು: (ಸ್ವಲ್ಪ ಹೊತ್ತಿನ ಮೇಲೆ) ಅದೇ ಬಸಿಲಿಕಾದಲ್ಲಿ ಚಿಮಬೂಯೆಯ ಚಿತ್ರಗಳು ಛಾಯಾಚಿತ್ರದ ನೆಗೆಟಿವ್‌ನಂತೆ ಕಾಣುತ್ತವೆಂದು ಕೇಳಿದ್ದೇನೆ.

ಹಿರಿಯರು: ನಿಜ. ಸೀಸದ ಬಿಳುಪನ್ನು ಬಳಸಿದ್ದನು. ಅದು ಗೋಡೆಯ ಮೇಲೆ ರಾಸಾಯನಿಕವಾಗಿ ಬದಲಾಗಿ ಕಪ್ಪಾಯಿತು. ಬೆಳಕು ಬೀಳಬೇಕಾದ ಹಣೆ, ಕೆನ್ನೆ, ಬಟ್ಟೆಯ ಮಡಿಕೆ, ಎಲ್ಲವೂ ಕತ್ತಲು. ಶಿಷ್ಯರು ಅಲ್ಲಿ ನಿಂತಾಗ ಕೈ ತುರಿಸುತ್ತದೆ. ತುರಿಸಲಿ. ಆ ಕತ್ತಲೆಯೂ ಅವನದೇ ಬಿಳುಪು.

ಕಿರಿಯಳು: ಹಾಗಾದರೆ ನಾನು ಯಾವಾಗ ಅರ್ಜಿ ಹಾಕಲಿ?

ಹಿರಿಯರು: ಅರ್ಜಿ ಇರಲಿ. ಆ ಕಿಟಕಿಯ ಕೆಳಗೆ, ಪಾಗಾರದ ಕಡೆಯ ಗೋಡೆಯನ್ನು ನೋಡು. ಹೋದ ಮಳೆಗಾಲದಲ್ಲಿ ಉಪ್ಪೇಳತೊಡಗಿತು. ಒಂದು ಚದರ ಅಡಿಯನ್ನು ಆರಿಸಿಕೋ. ಈ ಕಾಗದ ತೆಗೆದುಕೋ. ಚಿತ್ರ ಬರೆಯಬೇಡ, ಮಾತಿನಲ್ಲಿ ಬರೆ. ನೆಲದಿಂದ ಎಷ್ಟು ಎತ್ತರ, ಸುಣ್ಣದ ಎಷ್ಟು ಪದರು, ಹಕ್ಕಳೆಯ ಅಂಚು ಒಳಕ್ಕೆ ಮುರುಟಿದೆಯೋ ಹೊರಕ್ಕೆ ಮುರುಟಿದೆಯೋ, ಉಪ್ಪು ಹತ್ತಿಯಂತಿದೆಯೋ ಹರಳಿನಂತಿದೆಯೋ.

ಕಿರಿಯಳು: ಎಷ್ಟು ಹೊತ್ತು ಬರೆಯಬೇಕು?

ಹಿರಿಯರು: ಊಟಕ್ಕೆ ಕರೆಯುತ್ತೇನೆ. ಮುಟ್ಟಬೇಡ. ಮೊದಲು ಬೆಳಕು ಯಾವ ಕಡೆಯಿಂದ ಬೀಳುತ್ತಿದೆಯೆಂಬುದನ್ನು ಬರೆದುಕೋ. ಮಧ್ಯಾಹ್ನದ ಮೇಲೆ ಅದು ಆ ಕಡೆಗೆ ತಿರುಗುತ್ತದೆ, ಆಗ ಇನ್ನೊಮ್ಮೆ ನೋಡಬೇಕಾಗುತ್ತದೆ.